ಮೂರು ಸಲ ಹಾಕಿದ ಡ್ರೈವರ್

ರಿಪೇರಿ ಅಂಗಡಿಯ ಬೆಂಚಿನ ಮೇಲೆ ಕೆಟ್ಟ ಪ್ರಿಂಟರನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ ಗ್ರಂಥಪಾಲಕಿಯ ಕಿವಿ, ಪಕ್ಕದಲ್ಲಿದ್ದ ಅತ್ತಿಗೆ-ಮೈದುನರ ಮಾತಿನತ್ತ ತಾನಾಗಿಯೇ ವಾಲಿತು. ಅತ್ತಿಗೆಯ ತೊಡೆಯ ಮೇಲೆ ಊಟದ ಡಬ್ಬಿಯಷ್ಟೇ ಗಾತ್ರದ ಕಂಪ್ಯೂಟರ್ ಇತ್ತು.

“ಐದು ಗಂಟೆಗೆ ಹನ್ನೊಂದು ಮಕ್ಕಳು ಆನ್‌ಲೈನ್ ಬಂದು ಕಾಯ್ತಾರೆ. ನನ್ನ ಮೊದಲ ಹಾಡಿನ ಪಾಠ ಕಣೋ!”

“ನನ್ನ ತಪ್ಪೇನಿಲ್ಲ ಅತ್ತಿಗೆ. ವಿಂಡೋಸ್ ಹಾಕ್ದೆ, ಸೌಂಡ್ ಬರಲಿ ಅಂತ ಅದರ ಡ್ರೈವರ್ ಹಾಕ್ದೆ. ರೀಸ್ಟಾರ್ಟ್ ಮಾಡಿದ್ರೆ, ಮೊದಲಿಂದ ವಿಂಡೋಸ್ ಹಾಕು ಅನ್ನುತ್ತೆ.”

“ನೀನು ಹಾಕ್ದೆ?”

“ಮೂರು ಸಲ.”

“ನಾನು ಮೂರು ಸಲ ಹೇಳಿದ್ರೂ ಒಂದು ಕೆಲಸ ಮಾಡಲ್ಲ. ಅದು ಹೇಳಿದಾಗೆಲ್ಲ ಮಾಡ್ತೀಯ.”

“ಬಯಾಸ್‌ನಲ್ಲೂ ಸೆಟ್ಟಿಂಗ್ ಎಲ್ಲಾ ಸರಿಯಾಗೇ ಇಟ್ಟಿದ್ದೀನಿ. ಆನ್ ಆದ ತಕ್ಷಣ ಮೊದಲು ಪೆನ್ ಡ್ರೈವ್ ನೋಡು, ಆಮೇಲೆ ಒಳಗಿನ ಡಿಸ್ಕ್ ನೋಡು ಅಂತ.”

ಅತ್ತಿಗೆ ಡಬ್ಬಿಯನ್ನು ನಿಧಾನವಾಗಿ ಹಿಂದು ಮುಂದಾಗಿ ತಿರುಗಿಸಿದಳು.

“ಇಲ್ಲಿ ಚುಚ್ಚಿರೋದು ಏನಪ್ಪಾ ಇದು?”

ಮೈದುನ ಕೊಂಚ ಹೊತ್ತು ಚಾವಣಿಯ ಫ್ಯಾನನ್ನು ಪರೀಕ್ಷಿಸಿದ.

“ವಿಂಡೋಸ್ ಹಾಕೋ ಪೆನ್ ಡ್ರೈವ್. ಡ್ರೈವರೂ ಅದರಲ್ಲೇ ಇತ್ತು. ತೆಗೆಯೋದು ಮರೆತೆ. ಈಗ ಕಿತ್ತರೆ ಸಾಕು, ಎಲ್ಲಾ ಒಳಗೇ ಇದೆ.”

“ಅಂದ್ರೆ ಪಾಪ, ಇದು ನೀನು ಹೇಳಿದಂಗೇ ಕೇಳಿದೆ. ಮನೇಲಿ ನಿನ್ನ ಮಾತು ಕೇಳೋದು ಇದೊಂದೇ!”

“ಏಳನೇ ನಂಬರ್!” ಎಂದು ಒಳಗಿನಿಂದ ಕೂಗಿದರು. ಅತ್ತಿಗೆ ಪೆನ್ ಡ್ರೈವನ್ನು ಕಿತ್ತು ಕೈಚೀಲಕ್ಕೆ ಹಾಕಿಕೊಂಡಳು. ತಮ್ಮ ಏಳನೇ ನಂಬರಿನ ಟೋಕನ್ನನ್ನು ಗ್ರಂಥಪಾಲಕಿಯ ಪ್ರಿಂಟರಿನ ಮೇಲಿಟ್ಟಳು.

“ನೀವು ಹೋಗಿ. ನಮ್ಮ ರೋಗ ಡಾಕ್ಟರೇ ತಂದಿದ್ದು.”

ಇಬ್ಬರೂ ಬಾಗಿಲು ದಾಟುತ್ತಿದ್ದಂತೆ ಮೈದುನನ ತಗ್ಗಿದ ದನಿ ಕೇಳಿಸಿತು.

“ಅತ್ತಿಗೆ, ಅಣ್ಣನಿಗೆ ಹೇಳ್ಬೇಡಿ.”

“ಹೇಳಲ್ಲ ಕಣೋ. ಮೂರು ಸಲ ಕೇಳಿದ್ರೆ ಮಾತ್ರ ಹೇಳ್ತೀನಿ.”