ಬುತ್ತಿಚೀಲ ಸೇರಿದ ಚಕ್ರ

ಬಾಯಾರಿನ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದ ಚಿತ್ರಾ ಟೀಚರ ಕಿವಿ, ಪಕ್ಕದಲ್ಲಿದ್ದ ಅಕ್ಕ-ತಮ್ಮನ ಮಾತಿನತ್ತ ತಾನಾಗಿಯೇ ಹೊರಳಿತು.

"ವಸುಮತಿ ಅಕ್ಕ, ಜರ್ಮನಿಯ ಕೋರ್ಟಿನ ತೀರ್ಪು ಬಂತು."

"ಎಂತಾಯಿತು? ಬೇಗ ಹೇಳು ಶ್ರೀರಾಮ!"

"ಗೆದ್ದೆವು! ನಮ್ಮ ಹಲಸಿನ ಸೊಳೆ ಬಿಡಿಸುವ ಯಂತ್ರದ ನಕಲನ್ನು ಆ ಕಂಪೆನಿ ಇನ್ನು ಮಾರುವ ಹಾಗಿಲ್ಲ."

"ಅವರ ವಾದ ಎಂತ ಇತ್ತು?"

"ಪೇಟೆಂಟಿಗೆ ಅರ್ಜಿ ಹಾಕುವ ಮೊದಲೇ ನಾವದನ್ನು ಹಲಸು ಮೇಳದಲ್ಲಿ ಓಡಿಸಿ ತೋರಿಸಿದ್ದೆವಂತೆ. ತೋರಿಸಿದ್ದರೆ ಜರ್ಮನಿಯಲ್ಲಿ ನಮಗೆ ಹಕ್ಕೇ ಇರುತ್ತಿರಲಿಲ್ಲ."

"ಮೇಳದ ದಿನ ಯಂತ್ರಕ್ಕೆ ಚಕ್ರವೇ ಇರಲಿಲ್ಲ, ಓಡುವುದು ಹೇಗೆ?"

"ಅಂದು ಊರೆಲ್ಲ ನಕ್ಕಿತು. ನಾನು ತಿಂಗಳುಗಟ್ಟಲೆ ನಿನ್ನಲ್ಲಿ ಮಾತಾಡಲಿಲ್ಲ."

"ಮೊದಲು ಅರ್ಜಿ ಹಾಕುವ ಎಂದರೆ ನೀನು ಕೇಳಿದೆಯಾ ಮಾರಾಯ? ಅದಕ್ಕೇ ಚಕ್ರ ಕಳಚಿ ಬುತ್ತಿಚೀಲದಲ್ಲಿ ಅಡಗಿಸಿದ್ದು."

"ನಮ್ಮ ಕಂಪೆನಿ ಉಳಿದದ್ದೇ ಆ ಚೀಲದಿಂದ, ಅಕ್ಕ."

ಅವರ ಬಸ್ಸು ಬಂತು.

"ಈ ವರ್ಷದ ಮೇಳಕ್ಕೆ ಚಕ್ರ ತರುವುದು ಯಾರು?" ಮೆಟ್ಟಿಲೇರುತ್ತ ಅಕ್ಕ ಕೇಳಿದಳು.

"ನೀನೇ. ಬುತ್ತಿಚೀಲದಲ್ಲೇ ತಾ."