ಅಡ್ಡ ನಿಂತ ಅತ್ತೆ

ಆಸ್ಪತ್ರೆಯ ಔಷಧಿ ಕೌಂಟರಿನ ಸಾಲಿನಲ್ಲಿ ನನ್ನ ಮುಂದೆ ಅತ್ತೆ ಮತ್ತು ಆರು ತಿಂಗಳ ಬಸುರಿ ಸೊಸೆ ನಿಂತಿದ್ದರು. ಸೊಸೆಯ ಕಣ್ಣಲ್ಲಿ ಕಾಮಾಲೆಯ ಹಳದಿ ಇನ್ನೂ ಪೂರ್ತಿ ಇಳಿದಿರಲಿಲ್ಲ.

“ಪಿತ್ತನಾಳದ ಕಲ್ಲು ಹೆರಿಗೆ ಆದ್ಮೇಲೆ ತೆಗೆಸಿದ್ರಾಯ್ತು ಅಂತ ಅಡ್ಡ ನಿಂತಿದ್ದೆ ನೋಡು.”

“ಅಷ್ಟು ಜ್ವರ ಇಟ್ಕೊಂಡು ಕಾಯೋದಾ ಅತ್ತೆ? ಅದಕ್ಕೇ ನಾನೇ ಸಹಿ ಹಾಕ್ದೆ.”

“ಕಲ್ಲು ತೆಗೆಯೋವಾಗ ಎಕ್ಸ್-ರೇ ಹಾಕ್ತಾರಂತೆ, ಅದ್ರಿಂದ ಮಗೂಗೆ ಏನಾಗುತ್ತೋ ಅಂತ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿದ್ದೆ ಕಣೇ.”

“ಎಕ್ಸ್-ರೇ ತೆಗೀಲೇ ಇಲ್ಲ! ಬಾಯಿಂದ ಟ್ಯೂಬ್ ಇಳಿಸಿ, ಅದು ಪಿತ್ತನಾಳಕ್ಕೇ ಹೋಗಿದ್ಯಾ ಅಂತ ಸಿರಿಂಜಲ್ಲಿ ಎಳೆದು ನೋಡಿದ್ರಂತೆ. ಹಳದಿ ಪಿತ್ತ ಬಂದಿದ್ದೇ ತಡ, ಕಲ್ಲು ಕಿತ್ತು ಹಾಕಿದ್ರು!”

“ಮಗು?”

“ಬೆಳಗ್ಗೆಯಿಂದ ಒದೀತಾನೇ ಇದೆ.”

ಅವರ ಟೋಕನ್ ಕೂಗಿದರು. ಅತ್ತೆ ಸೊಸೆಯ ಹೊಟ್ಟೆಯ ಮೇಲೆ ಅಂಗೈ ಇಟ್ಟರು.

“ಒದಿ ಕಂದಾ, ಜೋರಾಗಿ ಒದಿ. ಅಡ್ಡ ನಿಂತೋಳು ನಾನೇ!”

ಇಬ್ಬರೂ ನಗುತ್ತಾ ಕೌಂಟರಿನತ್ತ ನಡೆದರು.