ಮುಚ್ಚಳದೊಳಗಿನ ಹನಿ

ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಟ್ಟಿರಲಿಲ್ಲ. ದೋಣಿಗಳನ್ನು ದಡಕ್ಕೆ ಕಟ್ಟಿ, ಮಾಡಲು ಕೆಲಸವಿಲ್ಲದೆ, ಮೀನು ಹಿಡಿಯುವ ನಾವೆಲ್ಲ ಕಿಸೊ ಅಜ್ಜಿಯ ತೋಫು ಅಂಗಡಿಯ ಒಲೆಯ ಸುತ್ತ ಸೇರಿದ್ದೆವು. ಸಮುದ್ರದ ಕಡೆಯ ಕಿಟಕಿಯ ಕೆಳಗೆ, ಪುಟ್ಟ ಮಣೆಯ ಮೇಲೆ, ಒಬ್ಬರ ಊಟ ಬಡಿಸಿಟ್ಟಿತ್ತು. ಊರಿಗೆ ಹೊಸದಾಗಿ ಮನೆಯಳಿಯನಾಗಿ ಬಂದಿದ್ದ ರಿಯೊಹೆಯಿ ಹಸಿವು ತಾಳಲಾರದೆ ಅದರ ಬಟ್ಟಲಿಗೆ ಕೈ ಹಾಕಿದ. ಅಜ್ಜಿ ಸೌಟಿನಿಂದ ಅವನ ಕೈಮೇಲೆ ಫಟ್ಟನೆ ಕೊಟ್ಟಳು.

"ಏಯ್ ಅಳಿಯದೇವ್ರೇ, ಅದು ನಿಂದಲ್ಲ. ಮನೆಬಿಟ್ಟು ದೂರ ಹೋದೋರ ಪಾಲು."

"ಯಾರ ಪಾಲು ಅಜ್ಜಿ?"

"ಓಗಿನೊ ಕ್ಯಾಪ್ಟನ್ನರದ್ದು."

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಓಗಿನೊ ನೌಕಾಪಡೆಯಲ್ಲಿದ್ದ ಮಹಾಯುದ್ಧ ಮುಗಿದೇ ನಲವತ್ತು ವರ್ಷವಾಗಿತ್ತು. ಅಜ್ಜಿ ಒಲೆಗೆ ಇನ್ನೊಂದು ಸೌದೆ ತಳ್ಳಿ, ಕಾಲು ಮಡಚಿ ಕೂತಳು.

"ಹೇಳ್ತೀನಿ ಕೇಳ್ರಪ್ಪ. ಮಧ್ಯೆ ಬಾಯಿ ಹಾಕಿದ್ರೆ ಸೌಟು ಇಲ್ಲೇ ಇದೆ. ಈ ಬೀದಿ ಕೊನೇಲಿ ಪೆಟ್ರೋಲ್ ಬಂಕ್ ಇದೆಯಲ್ಲ, ಅಲ್ಲೇ ಅವರ ಮನೆ ಇದ್ದಿದ್ದು. ಹೆಂಡ್ತಿ ಬೇಗ ಹೋಗ್ಬಿಟ್ಲು, ಮಕ್ಕಳಿಲ್ಲ, ಹಿಂದಿಲ್ಲ ಮುಂದಿಲ್ಲ. ನೌಕಾಪಡೆಗೆ ಸೇರಿ, ಮೇಲೆ ಮೇಲೆ ಹೋಗಿ, ಕೊನೆಗೆ ಒಂದು ಯುದ್ಧನೌಕೆಗೇ ಕ್ಯಾಪ್ಟನ್ ಆಗಿ, ಬಿಳೀ ಟೋಪಿ ಹಾಕ್ಕೊಂಡು ಊರಿಗೆ ಬಂದ್ರೆ... ಅಬ್ಬಬ್ಬಾ, ಏನು ಠೀವಿ! ಆದ್ರೆ ಜನ ಅವರನ್ನ ಕೊಂಡಾಡ್ತಿದ್ದಿದ್ದು ಠೀವಿಗಲ್ಲ. ಯಾವ ಹಡಗು ಮುಳುಗ್ಲಿ, ಮೇಲೆ ಬಾಂಬು ಬೀಳ್ಲಿ, ಈ ಮನುಷ್ಯ ತನ್ನ ಹಡಗು ನಿಲ್ಲಿಸಿ, ನೀರಲ್ಲಿದ್ದ ಒಬ್ಬೊಬ್ಬನನ್ನೂ ಎತ್ತಿಸ್ಕೊಂಡು, 'ಎಲ್ಲರೂ ಬಂದ್ರಾ?' ಅಂತ ಕೂಗೋರು. 'ಬಂದ್ವಿ' ಅಂತ ಉತ್ತರ ಬಂದ್ಮೇಲೇನೇ ಹಡಗು ಅಲ್ಲಾಡ್ತಿದ್ದಿದ್ದು. ಅಂಥೋರ ಕೈಕೆಳಗೆ ಮಗನನ್ನ ಕಳಿಸೋಕೆ ಯಾವ ತಾಯಿ ಹೆದರ್ತಾಳೆ, ಹೇಳಿ?

"ಹುಟ್ಟು ಹಾಕೋದ್ರಲ್ಲಿ ನಮ್ಮೂರ ಹುಡುಗರನ್ನ ಮೀರಿಸೋರಿಲ್ಲ ಅಂತ ಇಲ್ಲಿಂದ್ಲೇ ಒಂದು ದೋಣಿ ತುಂಬ ಹುಡುಗರನ್ನ ಆರಿಸ್ಕೊಂಡು ಹೋದ್ರು. ಅದರಲ್ಲಿ ನನ್ನ ತಮ್ಮ ಮಾಸುಕಿಚಿನೂ ಒಬ್ಬ. ಹೊರಟ ದಿನದಿಂದ, ಬೇರೆ ತಾಯಂದಿರ ಹಾಗೇ, ನಮ್ಮಮ್ಮನೂ ಅವನ ಪಾಲಿನ ಊಟ ಇಡೋಕೆ ಶುರು ಮಾಡಿದ್ಲು. ಇಲ್ಲಿ ಬಡಿಸಿದ್ರೆ ಅಲ್ಲಿ ಅವನಿಗೆ ಹಸಿವಾಗಲ್ಲ ಅಂತ ನಂಬಿಕೆ. ಊಟದ ಹೊತ್ತು ಕಳೆದ್ಮೇಲೆ ಬಟ್ಟಲಿನ ಮುಚ್ಚಳ ತೆಗೀಬೇಕು. ಒಳಗಡೆ ಹನಿ ಕೂತಿದ್ರೆ ಮಗ ಬದುಕಿದ್ದಾನೆ... ಒಣಗಿದ್ರೆ ಇಲ್ಲ.

"ಯುದ್ಧ ಮುಗೀತು. ಕ್ಯಾಪ್ಟನ್ ಬಂದ್ರು, ಹುಡುಗರು ಬರ್ಲಿಲ್ಲ. ಹಡಗು ಕಳ್ಕೊಂಡು, ಪದವಿ ಕಳ್ಕೊಂಡು, ಕೊನೇ ವರ್ಷವೆಲ್ಲ ಯಾವುದೋ ಉಗ್ರಾಣದಲ್ಲಿ ಹಗ್ಗ ಕಾಯ್ತಾ ಇದ್ರಂತೆ. ಆದ್ರೂ ಸೊಂಟ ಬಾಗಿರ್ಲಿಲ್ಲ ನೋಡಿ! ತಾಯಂದಿರೆಲ್ಲ ಅವರ ಬಾಗಿಲಿಗೆ ಹೋಗಿ ಅತ್ರೆ, 'ಒಂದು ದ್ವೀಪದಲ್ಲಿ ಇಳಿಸಿ ಬಂದಿದ್ದೀನಿ, ಬರ್ತಾರೆ. ನಾನು ಯಾರನ್ನಾದ್ರೂ ಬಿಟ್ಟು ಬಂದಿದ್ದುಂಟಾ?' ಅಂದ್ರು. ಆ ದನಿಯಲ್ಲಿ ಹೇಳಿದ್ರೆ ಯಾರು ನಂಬಲ್ಲ? ಅಷ್ಟೇ ಅಲ್ಲ, ಮನೆಮನೇಲೂ ಮುಚ್ಚಳದ ಹನಿ ಇತ್ತಲ್ಲ... ಒಂದು ಮನೇಲೂ ಒಣಗಿರ್ಲಿಲ್ಲ. ಕಾದ್ವಿ. ಒಂದು ಚಳಿಗಾಲ ಹೋಯ್ತು, ಇನ್ನೊಂದು ಹೋಯ್ತು.

"ನಮ್ಮಮ್ಮ ಒತೊರ ಅಂತ, ಬಲೇ ಗಟ್ಟಿಗಿತ್ತಿ. ಕೊನೆಗೊಂದಿನ ಕ್ಯಾಪ್ಟನ್ನರನ್ನ ಊಟಕ್ಕೆ ಕರೆದ್ಲು. ಇದೇ ಜಾಗ. ತಮ್ಮನ ಪಾಲಿನ ಪಕ್ಕದಲ್ಲೇ ಕೂರಿಸಿದ್ಲು. 'ನೋಡಿ ಸ್ವಾಮಿ' ಅಂತ ಮುಚ್ಚಳ ತೆಗೆದ್ಲು. ಒಳಗೆಲ್ಲ ಹನಿ.

"ಕ್ಯಾಪ್ಟನ್ ನಕ್ಕುಬಿಟ್ರು. 'ಒತೊರಮ್ಮ, ಬಿಸಿ ಅನ್ನದ ಹಬೆ ಕಣಮ್ಮ. ಯಾರ ಬಟ್ಟಲು ಮುಚ್ಚಿಟ್ರೂ ಹನಿ ಕೂರುತ್ತೆ.'

"'ಬಿಸಿ ಅನ್ನ ಎಲ್ಲಿದೆ? ನಿನ್ನೆ ಉಳಿದ ತಂಗಳು ಹಾಕಿದ್ದೀನಿ. ಮುಟ್ಟಿ ನೋಡಿ' ಅಂದ್ಲು ಅಮ್ಮ.

"ಮುಟ್ಟಿದ್ರು. ತಣ್ಣಗಿತ್ತು. ಆಗ ಆ ಮನುಷ್ಯ ಏನು ಮಾಡಿದ್ರು ಗೊತ್ತಾ? ಮುಚ್ಚಳದಿಂದ ಒಂದು ಹನಿ ಬೆರಳಲ್ಲಿ ತಗೊಂಡು ನಾಲಿಗೆಗೆ ಇಟ್ಕೊಂಡ್ರು. ಆಮೇಲೆ... ಆಮೇಲೆ ನಾನು ಆ ಬಾಗಿಲ ಹತ್ರ ನಿಂತು ನೋಡ್ತಾನೇ ಇದ್ದೆ. ಆ ಮುಖದ ಠೀವಿ ಎಲ್ಲ ಒಂದೇ ಸಲ ಇಳಿದುಹೋಯ್ತು.

"'ಉಪ್ಪು' ಅಂದ್ರು. 'ಸಮುದ್ರದ ನೀರು.'

"ಆಮೇಲೆ ಎಲ್ಲಾ ಹೇಳಿದ್ರು. ಮುಳುಗಿದ ಹಡಗಿನೋರನ್ನ ಎತ್ತಿ ತರೋಕೆ ನಮ್ಮ ಹುಡುಗರ ದೋಣಿ ಇಳಿಸಿದ್ರಂತೆ. ಅಷ್ಟರಲ್ಲಿ ವಿಮಾನಗಳು ಬಂದ್ವು. ಅದೊಂದೇ ಸಲ, ಜನ್ಮದಲ್ಲಿ ಅದೊಂದೇ ಸಲ, ಅವರಿಗೆ ಜೀವಭಯ ಆಯ್ತಂತೆ. 'ಎಂಜಿನ್ ಓಡಿಸಿ, ಹೊರಡಿ' ಅಂದ್ಬಿಟ್ರು. ಹಿಂದೆ ದೋಣಿಯೋರು ಹುಟ್ಟು ಹಾಕ್ತಾನೇ ಇದ್ರು... 'ಬಂದ್ವಿ, ಬಂದ್ವಿ' ಅಂತ ಕೂಗ್ತಾನೇ ಇದ್ರು. ಆಮೇಲೆ ಹುಚ್ಚು ಹಿಡಿದೋರ ಹಾಗೆ ಅಪ್ಪಣೆ ಮೀರಿ ಹಡಗು ತಿರುಗಿಸ್ಕೊಂಡು ಹುಡುಕೋಕೆ ಹೋಗಿ, ಹಡಗನ್ನೇ ಬಂಡೆಗೆ ಬಡಿಸಿದ್ರು. ಅವರ ಪದವಿ ಹೋಗಿದ್ದು ಅದಕ್ಕೆ.

"ಬೇರೆ ಯಾವ ತಾಯಿಯಾದ್ರೂ ಮುಖಕ್ಕೆ ಉಗೀತಿದ್ಲು. ನಮ್ಮಮ್ಮ ಅಳ್ಲಿಲ್ಲ. ತಮ್ಮನ ಊಟ ಮಣೆ ಸಮೇತ ಎತ್ತಿ ಅವರ ಕೈಗಿಟ್ಲು. 'ಹುಡುಗರು ಹಸಿದಿದ್ದಾರೆ. ನೀವೇ ಕೊಟ್ಟು, ಮನೆಗೆ ಕರ್ಕೊಂಡು ಬನ್ನಿ' ಅಂದ್ಲು.

"ಕ್ಯಾಪ್ಟನ್ ಎದ್ದು, ನೆಟ್ಟಗೆ ನಿಂತು, ಅಮ್ಮನಿಗೆ ಸಲ್ಯೂಟ್ ಹೊಡೆದ್ರು. ನಮ್ಮ ದೋಣಿ ಬಿಚ್ಕೊಂಡು, ಒಬ್ಬರೇ ಹುಟ್ಟು ಹಾಕ್ಕೊಂಡು, ಇಂಥದ್ದೇ ಮಳೇಲಿ ಹೊರಟುಹೋದ್ರು.

"ಬೆಳಿಗ್ಗೆ ನೋಡ್ತೀವಿ, ದೋಣಿ ಮರಳ ಮೇಲಿದೆ. ನೌಕಾಪಡೆಯೋರ ಗಂಟು ಹಾಕಿ ಗೂಟಕ್ಕೆ ಕಟ್ಟಿದೆ. ಮಳೆ ನಿಂತು ದೋಣಿ ಎಲ್ಲಾ ಒಣಗಿತ್ತು, ಹುಟ್ಟು ಹಾಕೋರು ಕೂರೋ ಜಾಗದಲ್ಲಿ ಮಾತ್ರ ಒಬ್ಬೊಬ್ಬರು ಕೂತು ಎದ್ದಷ್ಟು ಒದ್ದೆ. ಬಟ್ಟಲು ಖಾಲಿ. ಕ್ಯಾಪ್ಟನ್ ಇಲ್ಲ. ಅವತ್ತಿಂದ ಊರಿನ ಒಂದು ಮುಚ್ಚಳದಲ್ಲೂ ಹನಿ ಕೂರ್ಲಿಲ್ಲ. ಜೀವಂತ ಅಲ್ದಿದ್ರೂ ನನ್ನ ತಮ್ಮ ಮನೆಗೆ ಬಂದಿದ್ದ. ಅಮ್ಮ ಆವತ್ತು ಮನಸಾರೆ ಅತ್ಲು."

ಅಜ್ಜಿ ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡಳು. ರಿಯೊಹೆಯಿ ಮೆಲ್ಲಗೆ ಕೇಳಿದ: "ಹಾಗಾದ್ರೆ ಈ ಊಟ?"

"ಅವರಿಗೆ ಇಡೋರು ಯಾರಿದ್ದಾರೋ, ಪೆದ್ದ? ಸಿಟ್ಟು ಬೇರೆ, ಹಸಿವು ಬೇರೆ ಅಂತ ಅಮ್ಮನೇ ಶುರು ಮಾಡಿದ್ಲು. ಈಗ ನಾನು ಇಡ್ತೀನಿ. ಅವರ ಕೆಲಸ ಮುಗಿದಿಲ್ಲ ಕಣ್ರೋ. ಹೋದ ವರ್ಷ ಕ್ಯೂಜೊನ ದೋಣಿ ಮಗುಚಿತಲ್ಲ, ಅವನ ಹೆಣ ಎಲ್ಲಿ ಸಿಕ್ತು? ಅದೇ ಗೂಟದ ಹತ್ರ, ಸೊಂಟಕ್ಕೆ ಹಗ್ಗ ಸುತ್ತಿ ಕಟ್ಟಿತ್ತು. ಆ ಗಂಟು ನೋಡಿದೋರು ಇಲ್ಲೇ ಕೂತಿದ್ದೀರಿ, ಬಾಯಿ ಬಿಡಲ್ಲ ಅಷ್ಟೇ."

ನಾನು ತಲೆ ತಗ್ಗಿಸಿದೆ. ಆ ಗಂಟು ಬಿಚ್ಚಿದವನು ನಾನೇ.

"ನಾಳೆ ಸಮುದ್ರಕ್ಕೆ ಹೋಗಿ, ಬೇಡ ಅನ್ನಲ್ಲ. ಮಳೇಲಿ ಯಾರಾದ್ರೂ 'ಎಲ್ಲರೂ ಬಂದ್ರಾ?' ಅಂತ ಕೂಗಿದ್ರೆ ಮಾತ್ರ ಉತ್ತರ ಕೊಡ್ಬೇಡಿ. ಕೊಟ್ರೆ ನೀವೂ ಅವರ ಪಾಲಿನೋರೇ. ಈಗ ಅವರು ಯಾರನ್ನೂ ಬಿಟ್ಟು ಬರಲ್ಲ." ಅಜ್ಜಿ ಮಣೆಯನ್ನು ರಿಯೊಹೆಯಿಯ ಮುಂದಕ್ಕೆ ಸರಿಸಿದಳು. "ಬೆಳಿಗ್ಗೆಯ ತಂಗಳನ್ನ ಇದು. ಮುಚ್ಚಳ ತೆಗಿ, ಅಳಿಯದೇವ್ರೇ... ನಾಲಿಗೆಗೆ ಇಟ್ಟು ನೋಡು."